ಮನ್ಯಾಗಿಂದ ಕೆಲಸ, ಮೀಟರ್ ಯಾರದು?

(1/5)
ದೋಸ್ತರೆ, ಊರಿಗೆ ಬಂದಾಗೊಮ್ಮೆ ನೀವು ಇದೇ ಮಾತು ಆಡ್ತೀರಿ: "ನಿಂದೇನಪ್ಪಾ, ಡಾಬಕಾದಾಗ ಕುಂತು ಪಗಾರ ತಗೋತಿ. ರೂಮ್ ಬಾಡಿಗಿ ಇಲ್ಲ, ಪೆಟ್ರೋಲ್ ಇಲ್ಲ, ಕರೆಂಟ್ ಅಂತೂ ಫ್ರೀ!" ಮೊದಲೆರಡು ಖರೆ. ಮೂರನೇದರ ಬಗ್ಗೆ ಸ್ವಲ್ಪ ಮಾತಾಡೋಣ. ಯಾಕಂದ್ರೆ ನಿಮ್ಮಲ್ಲಿ ಸುಮಾರು ಮಂದಿ ಹೈದರಾಬಾದ್, ಪುಣೆ, ಬೆಂಗಳೂರು ಬಿಟ್ಟು ಔರಾದ್, ಭಾಲ್ಕಿ ಕಡೆ ವಾಪಸ್ ಬರುವ ವಿಚಾರದಲ್ಲಿದ್ದೀರಿ. ಬರ್ರಿ, ಚಲೋನೇ ಅದ. ಆದ್ರೆ ಮೀಟರಿನ ಲೆಕ್ಕ ತಿಳ್ಕೊಂಡು ಬರ್ರಿ.

(2/5)
ಒಂದು ಸಾವಿರ ವ್ಯಾಟ್‌ನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. ಇಷ್ಟು ಗೊತ್ತಿದ್ರೆ ಸಾಕು.

ನನ್ನ ಲ್ಯಾಪ್‌ಟಾಪ್ 50 ವ್ಯಾಟ್, ಮಾನಿಟರ್ 25, ತಲೆ ಮೇಲಿನ ಹಳೇ ಫ್ಯಾನ್ 75. ಮೂರೂ ಸೇರಿ 150. ದಿನಕ್ಕೆ 9 ತಾಸು ಅಂದ್ರೆ 1.35 ಯೂನಿಟ್. ರೌಟರ್ ಬರೀ 10 ವ್ಯಾಟ್, ಆದ್ರೆ ಹಗಲು ರಾತ್ರಿ ಉರೀತದ, ಅದರದ್ದು ಕಾಲು ಯೂನಿಟ್. ತಿಂಗಳಿಗೆ 22 ದಿನ ಕೆಲಸ ಹಿಡಿದರೆ ಎಲ್ಲಾ ಸೇರಿ ಸುಮಾರು 37 ಯೂನಿಟ್.

ಏಪ್ರಿಲ್, ಮೇ ಬಂತಂದ್ರೆ ನಮ್ಮ ಬೀದರ್ ಬಿಸಿಲು ನಿಮಗ ಹೇಳಬೇಕಾಗಿಲ್ಲ. 180 ವ್ಯಾಟ್ ಕೂಲರ್ 8 ತಾಸು ಹಚ್ಚಿದ್ರೆ ತಿಂಗಳಿಗೆ ಇನ್ನೂ 32 ಯೂನಿಟ್. ಒಟ್ಟು 69. ಇದೆಲ್ಲಾ ಮೊದಲು ಆಫೀಸಿನ ಮೀಟರಿನಾಗ ಓಡುತ್ತಿತ್ತು. ಈಗ ಅಪ್ಪನ ಹೆಸರಿನ ಮೀಟರಿನಾಗ ಓಡ್ತದ.

(3/5)
"200 ಯೂನಿಟ್ ತನಕ ಫ್ರೀ ಅಲ್ಲೇನು?" ಅಂತೀರಿ. ಇಲ್ಲೇ ಎಲ್ಲರೂ ತಪ್ಪು ತಿಳೀತಾರ. ಗೃಹಜ್ಯೋತಿ 2023ರ ಜುಲೈನಿಂದ ಜಾರಿಗೆ ಬಂತು. ಪ್ರತಿ ಮನೆಗೂ 200 ಯೂನಿಟ್ ಕೊಟ್ಟಿಲ್ಲ. ಆ ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅಷ್ಟು, ಅದರ ಮೇಲೆ ಶೇ. 10. ನಮ್ಮ ಮನೆಯದು ಆಗ 60, ಹಂಗಾಗಿ ಪುಕ್ಕಟೆ ಪಾಲು 66. ಆ ವರ್ಷ ನಾನು ಊರಲ್ಲೇ ಇರಲಿಲ್ಲ. ಮನ್ಯಾಗ ಅವ್ವ, ಅಪ್ಪ ಇಬ್ಬರೇ.

ಈಗ 60ಕ್ಕ ನನ್ನ 37 ಸೇರಿದ್ರ 97. ಮೇಲಿನ 31 ಯೂನಿಟ್‌ಗೆ ರೊಕ್ಕ. ಬ್ಯಾಸಿಗ್ಯಾಗ 129, ಆಗ 63ಕ್ಕ ರೊಕ್ಕ. ಏಸಿ ಕೂಡಿಸಿ 200 ದಾಟಿಸಿದ್ರೆ ಪುಕ್ಕಟೆ ಪಾಲೂ ಹೋಗ್ತದ, ಪೂರ್ತಿ ಬಿಲ್ ಕಟ್ಟಬೇಕು.

ರೊಕ್ಕ ನಾನೇ ಕೊಡ್ತೀನಿ, ಅದು ದೊಡ್ಡ ಮಾತಲ್ಲ. ಆದ್ರೆ ಬಿಲ್ಲಿನಲ್ಲಿ ಸೊನ್ನೆ ಹೋಗಿ ಅಂಕಿ ಬಂದ ತಿಂಗಳಿಂದ ಅವ್ವ ಮಧ್ಯಾಹ್ನ ತನ್ನ ಕೋಣೆಯ ಫ್ಯಾನ್ ಬಂದ್ ಮಾಡಿ, ಬೇವಿನ ಗಿಡದ ಕೆಳಗ ಹೋಗಿ ಕೂಡಲಿಕ್ಕೆ ಶುರು ಮಾಡಿದಳು. "ಒಳಗ ಬಂದು ಫ್ಯಾನ್ ಹಚ್ಕೊಂಡು ಮಲ್ಕೋ" ಅಂದ್ರ, "ಇರ್ಲಿ ಬಿಡಪ್ಪಾ, ನಿನ್ನ ಕೆಲಸಕ್ಕ ಬೇಕಾಗ್ತದ" ಅಂತಾಳ. ಆಕಿ ಲೆಕ್ಕದಾಗ ಯೂನಿಟ್ ಅಂದ್ರ ಡಬ್ಬಿಯಾಗಿನ ಸಕ್ಕರಿ ಇದ್ದಂಗ. ಒಬ್ಬರು ಹೆಚ್ಚು ತಗೊಂಡ್ರ ಇನ್ನೊಬ್ಬರು ಕಮ್ಮಿ ತಗೋಬೇಕು. ಕಂಪನಿಗೆ ಉಳಿದ ಕರೆಂಟು ಅವ್ವನ ಪಾಲಿನಿಂದ ಉಳೀಬಾರದು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

(4/5)
ಹಂಗಾದ್ರ ಊರಿಗೆ, ದೇಶಕ್ಕಾದ್ರೂ ಏನಾದರೂ ಉಳೀತದೇನು? ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಈ ಲೆಕ್ಕ ಹಾಕಿತ್ತು. ಒಂದು ದಿನ ಮನೆಯಿಂದ ಕೆಲಸ ಮಾಡಿದ್ರೆ ಮನೆಯ ಇಂಧನ ಬಳಕೆ ಶೇ. 7ರಿಂದ 23ರಷ್ಟು ಏರಬಹುದು. ಆಫೀಸಿಗೆ ಕಾರಿನಲ್ಲಿ ಸುಮಾರು 6 ಕಿ.ಮೀ.ಗಿಂತ ದೂರ ಹೋಗುವವರು ಮನೆಯಲ್ಲಿ ಕೂತರೆ ಲಾಭ. ಹತ್ತಿರ ಇರುವವರು, ಬಸ್ಸು ರೈಲಿನವರು ಕೂತರೆ ಹೊಗೆ ಸ್ವಲ್ಪ ಹೆಚ್ಚೂ ಆಗಬಹುದು.

ನಮ್ಮ ಲೆಕ್ಕ ನೋಡ್ರಿ. ಬೆಂಗಳೂರಿನ ಒಬ್ಬ ದೋಸ್ತ ಹೋಗಿ ಬಂದು 30 ಕಿ.ಮೀ. ಬೈಕ್ ಓಡಿಸ್ತಾನ. ಲೀಟರಿಗೆ 45 ಹಿಡಿದ್ರೆ ದಿನಕ್ಕೆ ಸುಮಾರು ಒಂದೂವರೆ ಕಿಲೋ ಇಂಗಾಲದ ಡೈಆಕ್ಸೈಡ್. ನಮ್ಮ ದೇಶದ ಕರೆಂಟು ಹೆಚ್ಚಿನ ಪಾಲು ಕಲ್ಲಿದ್ದಲಿನದು, ಯೂನಿಟ್‌ಗೆ ಸುಮಾರು 0.7 ಕಿಲೋ. ಕೂಲರ್ ಇಲ್ಲದ ದಿನ ನನ್ನದು 1.1 ಕಿಲೋ, ನಾನು ಗೆದ್ದೆ. ಕೂಲರ್ ಹಚ್ಚಿದ ದಿನ 2.1, ಅವನು ಗೆದ್ದ! ಅವನ ಆಫೀಸಿನ ಏಸಿ ಪಾಲು ಇದರಲ್ಲಿ ಇಲ್ಲ, ಅದು ಬೇರೆ ಮಾತು. ಆದ್ರೆ ಅರ್ಧ ಖುರ್ಚಿ ಖಾಲಿ ಇದ್ರೂ ಆ ಏಸಿ ಪೂರ್ತಿ ಹಾಲ್‌ಗೆ ಓಡ್ತದ. ಇಡೀ ಮಹಡಿ ಬಂದ್ ಮಾಡಿದ್ರೆ ಮಾತ್ರ ಖರೆ ಉಳಿತಾಯ.

(5/5)
ಈಗ ನಾನು ಏನ್ ಮಾಡ್ಲಕತ್ತೀನಿ ಹೇಳ್ತೀನಿ.

ಒಂದು: 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ತಂದೆ. ಮೊದಲನೇದು ಅವ್ವನ ಕೋಣೆಗೆ, ಎರಡನೇದು ನನಗೆ. ಹಳೇ ಫ್ಯಾನಿನ ಅರ್ಧಕ್ಕಿಂತ ಕಮ್ಮಿ ಕರೆಂಟು.

ಎರಡು: ಟೇಬಲ್ಲು ಸ್ಲ್ಯಾಬಿನ ರೂಮಿಂದ ಹಳೇ ಮಾಳಗಿಗೆ ಬಂತು. ದಪ್ಪ ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮೇಲ್ಮುದ್ದಿ, ಮಧ್ಯಾಹ್ನದ ತನಕ ಕೂಲರ್ ನೆನಪೇ ಆಗಲ್ಲ. ವೈಫೈ ಆ ಗೋಡೆ ದಾಟಲ್ಲ, ಅದಕ್ಕ ಕೇಬಲ್ ಎಳೆದೀನಿ. ಕೂಲರ್ ಈಗ 8 ತಾಸಿನ ಬದಲು 4 ತಾಸು.

ಮೂರು: ಕರೆಂಟ್ ಹೋದಾಗ ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಅದ. ರೌಟರಿಗೆ ಒಂದು ಸಣ್ಣ ಯುಪಿಎಸ್ ಸಾಕು. ಇಷ್ಟಕ್ಕೇ ಮನೆಯ ದೊಡ್ಡ ಇನ್ವರ್ಟರ್ ಓಡಿಸಿದ್ರೆ ಚಾರ್ಜ್ ಆಗೋದ್ರಲ್ಲೇ ಒಂದಿಷ್ಟು ಕರೆಂಟು ಹಾಳು.

ನಾಲ್ಕು: ಸೋಲಾರ್ ವಿಚಾರ ನಡೆದದ. ನಮ್ಮ ಡ್ಯೂಟಿ ಟೈಮೂ ಸೂರ್ಯನ ಟೈಮೂ ಒಂದೇ. 1 ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡ್ತದ, ಅದಕ್ಕೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 30,000 ರೂ. ಸಬ್ಸಿಡಿ ಇದೆ. ಅಪ್ಪ ಇನ್ನೂ "ನೋಡೋಣ" ಅಂತ ಅನ್ಲಕತ್ತಾನ.

ಹೊಸದಾಗಿ ಸೇರುವವರಿಗೆ ಒಂದೇ ಮಾತು: ಆಫರ್ ಲೆಟರ್ ಮೇಲೆ ಸಹಿ ಮಾಡೋಕೂ ಮೊದಲು ಕರೆಂಟು, ಇಂಟರ್ನೆಟ್ ಭತ್ಯೆ ಕೇಳ್ರಿ. ನಾಚಿಕೆ ಬ್ಯಾಡ. ಟೇಬಲ್ಲು, ಜಾಗ, ಗಾಳಿ ಎಲ್ಲಾ ನಿಮ್ಮ ಮನೆಯದು.

ಮನೆಯ ಬಿಲ್ ತೆಗೆದು ನಿಮ್ಮ ಪುಕ್ಕಟೆ ಪಾಲು ಎಷ್ಟು ಅಂತ ಕಮೆಂಟಿನಲ್ಲಿ ಹಾಕ್ರಿ. ನಿಮ್ಮ ಕೆಲಸದ ಯೂನಿಟ್ ಎಷ್ಟಾಗ್ತದ, ಕೂಡಿಯೇ ಲೆಕ್ಕ ಮಾಡೋಣ.

#ಡಾಬಕಾ #ಔರಾದ್ #ಬೀದರ್ #ಮನೆಯಿಂದಕೆಲಸ #ಗೃಹಜ್ಯೋತಿ #ಯೂನಿಟ್‌ಲೆಕ್ಕ