ಗೇಟಿಲ್ಲದ ನಿಲ್ದಾಣ, ಮುದ್ರೆ ಬೇಡುವ ಟಿಕೆಟ್ಟು

ಬೆಂಗಳೂರಿನಿಂದ ಮ್ಯೂನಿಕ್‌ಗೆ ಲುಫ್ತಾನ್ಸಾದ ನೇರ ವಿಮಾನ ಶುರುವಾದದ್ದು 2023ರ ನವೆಂಬರಿನಲ್ಲಿ. ಮ್ಯೂನಿಕ್ ವಿಮಾನ ನಿಲ್ದಾಣದ ನೆಲಮಾಳಿಗೆಗೇ ರೈಲು ಬಂದು ನಿಲ್ಲುತ್ತದೆ. ಅಲ್ಲಿನ ಟಿಕೆಟ್ ಯಂತ್ರಗಳ ಮುಂದೆ ಈಗ ಜಯನಗರ, ಜೆ.ಪಿ. ನಗರದ ಅಪ್ಪ-ಅಮ್ಮಂದಿರನ್ನು ಕಂಡರೆ ಆಶ್ಚರ್ಯಪಡಬೇಕಿಲ್ಲ. ಸ್ವೆಟರಿನ ಮೇಲೊಂದು ಸ್ವೆಟರು, ಕೈಚೀಲದಲ್ಲಿ ಸಾರಿನ ಪುಡಿ, ಕನ್ನಡಕ ಮೂಗಿನ ತುದಿಯಲ್ಲಿ. ಬಿ.ಟಿ.ಎಂ. ಕಡೆಯ ಮೈಕೋ ಲೇಔಟಿನ ಈ ಲೇಖಕ ಮತ್ತು ಅವನ ಹೆಂಡತಿಯೂ ಮಗಳ ಮನೆಗೆಂದು ಹಾಗೆಯೇ ಬಂದಿಳಿದವರು. "ಏರ್‌ಪೋರ್ಟಿಗೆ ನಾನೇ ಬರ್ತೀನಿ ಅಪ್ಪ" ಎಂದಿದ್ದ ಮಗಳಿಗೆ, "ರಜೆ ಹಾಳು ಮಾಡ್ಕೋಬೇಡ, ನಾವೇನು ಮೆಜೆಸ್ಟಿಕ್ ನೋಡದವರಾ?" ಎಂದು ಬೀಗಿದ್ದೂ ಆಗಿತ್ತು.

ಮೆಜೆಸ್ಟಿಕ್ಕಿನಲ್ಲಿ ಎಲ್ಲಿಗೆ ಹೋಗಬೇಕು ಎಂದರೆ ಸಾಕು, ಉಳಿದದ್ದನ್ನು ಕೌಂಟರಿನವರು ನೋಡಿಕೊಳ್ಳುತ್ತಾರೆ. ಮ್ಯೂನಿಕ್ಕಿನ ಯಂತ್ರದ ಮುಂದೆ ವಲಯದ ಲೆಕ್ಕ ಗೊತ್ತಿರಬೇಕು. ನಗರದ ಒಳಭಾಗವೆಲ್ಲ 'ಎಂ' ವಲಯ, ವಿಮಾನ ನಿಲ್ದಾಣವಿರುವುದು 5ನೇ ವಲಯ. ಆದ್ದರಿಂದ ಬೇಕಾದದ್ದು ಎಂ-5 ಟಿಕೆಟ್ಟು. ಒಬ್ಬರಿಗೆ ಒಂದು ಸಲದ್ದು ಬೇಕೋ, ಒಬ್ಬರಿಗೆ ಇಡೀ ದಿನದ್ದೋ, ಗುಂಪಿಗೆ ಇಡೀ ದಿನದ್ದೋ? ಗುಂಪಿನ ಟಿಕೆಟ್ಟಿನಲ್ಲಿ ಐವರು ದೊಡ್ಡವರು ಓಡಾಡಬಹುದು. 6ರಿಂದ 14 ವರ್ಷದ ಇಬ್ಬರು ಮಕ್ಕಳನ್ನು ಒಬ್ಬ ದೊಡ್ಡವರೆಂದು ಎಣಿಸುತ್ತಾರೆ. ಇಂದು ಕೊಂಡದ್ದು ಮರುದಿನ ಬೆಳಗಿನ 6 ಗಂಟೆಯವರೆಗೆ ನಡೆಯುತ್ತದೆ.

ಬೀದಿಯ ಹೆಂಗಸರ ಚೀಟಿ ನಡೆಸಿ ಪಳಗಿದ ಹೆಂಡತಿಗೆ ಇದೆಲ್ಲ ಲೆಕ್ಕವೇ ಅಲ್ಲ. "ರೀ, ಇಬ್ಬರಿಗೆ ಬೇರೆ ಬೇರೆ ಯಾಕೆ? ಗುಂಪಿಂದು ಒತ್ತಿ. ಸಂಜೆ ಅವಳೂ ನಮ್ಮ ಜೊತೆ ಊರು ಸುತ್ತಬಹುದು" ಎಂದಳು. ಒತ್ತಿದ್ದಾಯಿತು. ನೋಟು ನುಂಗಿದ ಯಂತ್ರ ಚೀಟಿಯೊಂದನ್ನು ಉಗುಳಿತು.

ಆದರೆ ಅಷ್ಟಕ್ಕೇ ಅದು ಟಿಕೆಟ್ ಆಗಲಿಲ್ಲ. ದುಡ್ಡು ಕೊಟ್ಟು ಪಡೆದ ಆ ಕಾಗದವನ್ನು ಪ್ಲಾಟ್‌ಫಾರ್ಮಿಗೆ ಇಳಿಯುವ ಮುನ್ನ ಅಲ್ಲಿರುವ ನೀಲಿ ಪೆಟ್ಟಿಗೆಯ ಬಾಯಿಗೆ ತುರುಕಿ, ದಿನಾಂಕ, ಗಂಟೆಯ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಬೀಳದ ಕಾಗದವಿದ್ದರೆ ಟಿಕೆಟ್ ಇಲ್ಲದ ಹಾಗೆಯೇ, 60 ಯೂರೋ ದಂಡ. ತಪಾಸಣೆಯವರು ಸಾಮಾನ್ಯ ಉಡುಪಿನಲ್ಲೇ ಪಕ್ಕದ ಸೀಟಿನಲ್ಲಿ ಪೇಪರ್ ಓದುತ್ತಾ ಕೂತಿರಬಹುದು. ಅಲ್ಲಿ ಪಟ್ಟಿ ಟಿಕೆಟ್ ಎಂಬ ಇನ್ನೊಂದು ಬಗೆಯೂ ಉಂಟು. ಹತ್ತು ಪಟ್ಟಿಗಳ ಉದ್ದನೆಯ ಕಾಗದ. ದೂರಕ್ಕೆ ತಕ್ಕಂತೆ ಪಟ್ಟಿ ಎಣಿಸಿ, ಸರಿಯಾದ ಕಡೆ ಮಡಚಿ ಪೆಟ್ಟಿಗೆಗೆ ಕೊಡಬೇಕು.

ಆ ಪೆಟ್ಟಿಗೆಯ 'ಟಕ್' ಸದ್ದು ಲೇಖಕನಿಗೆ ಆಡುಗೋಡಿಯ ಫ್ಯಾಕ್ಟರಿ ಗೇಟಿನಲ್ಲಿ ಬೆಳಗ್ಗೆ ಕಾರ್ಡ್ ಪಂಚ್ ಮಾಡಿದಂತೆಯೇ ಕೇಳಿಸಿತು. ಅವನ ಯೌವನವೆಲ್ಲ ಸವೆದದ್ದು ಮೈಕೋದಲ್ಲಿ. 1951ರಲ್ಲಿ ಹುಟ್ಟಿದ ಆ ಕಂಪನಿಯ ಬೇರು ಸ್ಟುಟ್‌ಗಾರ್ಟಿನ ಬಾಷ್‌ನಲ್ಲಿತ್ತು. 2008ರಲ್ಲಿ ಕಂಪನಿ ಹೆಸರು ಬದಲಿಸಿ ಬಾಷ್ ಲಿಮಿಟೆಡ್ ಆಯಿತು, ಲೇಔಟು ಮಾತ್ರ ಮೈಕೋ ಆಗಿಯೇ ಉಳಿದಿದೆ.

ಈ ಮುದ್ರೆಯ ಕಥೆ ಮ್ಯೂನಿಕ್ಕಿನ ಪೆಟ್ಟಿಗೆಗಿಂತ ಹಳೆಯದು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಮೊದಲು ಪೀಠೋಪಕರಣ ಮಾಡುತ್ತಿದ್ದ, ವ್ಯಾಪಾರದಲ್ಲಿ ದಿವಾಳಿಯಾದ. 1836ರಲ್ಲಿ ನ್ಯೂಕ್ಯಾಸಲ್-ಕಾರ್ಲೈಲ್ ರೈಲುಮಾರ್ಗದ ಸಣ್ಣದೊಂದು ನಿಲ್ದಾಣಕ್ಕೆ ಸ್ಟೇಷನ್ ಮಾಸ್ಟರ್ ಆಗಿ ಸೇರಿದ. ಅಲ್ಲಿಯವರೆಗೆ ಪ್ರತಿ ಪ್ರಯಾಣಿಕನಿಗೂ ಕೈಯಲ್ಲೇ ಚೀಟಿ ಬರೆದುಕೊಡುವ ಪದ್ಧತಿ. ಎಷ್ಟು ಚೀಟಿ ಹರಿದರು, ಎಷ್ಟು ದುಡ್ಡು ಗಲ್ಲಾಪೆಟ್ಟಿಗೆ ಸೇರಿತು ಎಂಬುದು ಗುಮಾಸ್ತನಿಗೂ ದೇವರಿಗೂ ಮಾತ್ರ ಗೊತ್ತು. ಎಡ್ಮಂಡ್ಸನ್ ರಟ್ಟಿನ ಟಿಕೆಟ್ಟಿಗೆ ಕ್ರಮಸಂಖ್ಯೆ ಅಚ್ಚು ಹಾಕಿಸಿದ, ದಿನಾಂಕ ಒತ್ತುವ ಯಂತ್ರವನ್ನೂ ಮಾಡಿದ. ಸಂಜೆ ಮೇಲಿನ ಸಂಖ್ಯೆ ನೋಡಿದರೆ ದಿನದ ಲೆಕ್ಕ ಮುಗಿಯಿತು. 57 ಮಿಲಿಮೀಟರ್ ಉದ್ದ, 30.5 ಮಿಲಿಮೀಟರ್ ಅಗಲದ ಆ ರಟ್ಟೇ ಜಗತ್ತು ಸುತ್ತಿ ಬೆಂಗಳೂರಿಗೂ ಬಂತು. ಲೇಖಕನ ಬಾಲ್ಯದಲ್ಲಿ ಸಿಟಿ ಸ್ಟೇಷನ್ನಿನ ಕಿಂಡಿಯಾಚೆ ಗುಮಾಸ್ತರು ಅದರ ತುದಿಯನ್ನು ಯಂತ್ರಕ್ಕೆ ತಳ್ಳಿ ತಾರೀಖು ಒತ್ತಿ ಕೊಡುತ್ತಿದ್ದರು. ಮೈಸೂರು ಬರುವವರೆಗೂ ಅದನ್ನು ಕಚ್ಚಬಾರದು ಎಂಬುದೇ ಮಕ್ಕಳಿಗೆ ದೊಡ್ಡ ಶಿಕ್ಷೆ.

ಸೂಕ್ಷ್ಮವಾಗಿ ನೋಡಿದರೆ ಪ್ರತಿಯೊಂದು ಟಿಕೆಟ್ಟೂ ಯಾರ ಮೇಲೋ ಇಟ್ಟ ಅನುಮಾನ. ಎಡ್ಮಂಡ್ಸನ್ನನ ರಟ್ಟು ಗುಮಾಸ್ತನನ್ನು ಅನುಮಾನಿಸಿತು. ಮ್ಯೂನಿಕ್ಕಿನ ನೀಲಿ ಪೆಟ್ಟಿಗೆ ಪ್ರಯಾಣಿಕನನ್ನು ಬಹಳಷ್ಟು ನಂಬಿ, ಉಳಿದದ್ದನ್ನು ದಂಡಕ್ಕೆ ಬಿಟ್ಟಿದೆ. ಅಲ್ಲಿ ಗೇಟೇ ಇಲ್ಲ. ನಮ್ಮ ಮೆಟ್ರೊ ಯಾರನ್ನೂ ನಂಬುವ ಗೋಜಿಗೆ ಹೋಗಿಲ್ಲ. ಬನಶಂಕರಿಯಲ್ಲಿ ಒಳಗೆ ಹೋಗಲು ಟೋಕನ್ ತೋರಿಸಬೇಕು, ಇಳಿದ ಕಡೆ ಅದನ್ನೇ ಗೇಟಿನ ಹೊಟ್ಟೆಗೆ ಹಾಕಿದರೆ ಬಿಡುಗಡೆ. 2022ರ ನವೆಂಬರ್ 1ರಿಂದ ವಾಟ್ಸ್ಆ್ಯಪ್‌ನಲ್ಲೂ ಟಿಕೆಟ್ ಸಿಗುತ್ತಿದೆ, ಗೇಟು ಮಾತ್ರ ಕದಲಿಲ್ಲ. ಇನ್ನು ಬಿಎಂಟಿಸಿಯಲ್ಲಿ ಅನುಮಾನ ತಿರುಗುಮುರುಗು. ಚಿಲ್ಲರೆ ಇಲ್ಲದ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟಾಗ, ಇಳಿಯುವವರೆಗೂ ಅವರನ್ನು ಕಣ್ಣಲ್ಲೇ ಹಿಂಬಾಲಿಸುವ ಸರದಿ ಪ್ರಯಾಣಿಕನದು. ಯುಪಿಐ ಬಂದ ಮೇಲೆ ಈ ಸಾಲಪತ್ರ ಅಪರೂಪವಾಗಿದೆ.

ಎರಡು ಊರುಗಳ ವಿಮಾನ ನಿಲ್ದಾಣಗಳದ್ದೂ ಒಂದೇ ಜಾತಕ. 1992ರ ಮೇ 16ರ ರಾತ್ರಿ ಮ್ಯೂನಿಕ್ ತನ್ನ ಹಳೆಯ ರೀಮ್ ನಿಲ್ದಾಣವನ್ನು ಮುಚ್ಚಿ ಬೆಳಗಾಗುವುದರೊಳಗೆ ಹೊಸದಕ್ಕೆ ಗಂಟುಮೂಟೆ ಸಾಗಿಸಿತು. 2008ರ ಮೇ 23ರ ರಾತ್ರಿ ಬೆಂಗಳೂರು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೊರಟಿತು. ಎರಡೂ ಊರಿನಿಂದ ಬಲುದೂರ. ಮ್ಯೂನಿಕ್ಕಿನಲ್ಲಿ ಮೊದಲ ದಿನವೇ ಎಸ್8 ರೈಲು ಓಡಿತು, ಈಗ ಸುಮಾರು 40 ನಿಮಿಷಕ್ಕೆ ಊರ ನಡುವಿನ ಮರಿಯನ್‌ಪ್ಲಾಟ್ಸ್ ಮುಟ್ಟಿಸುತ್ತದೆ. ನಮ್ಮಲ್ಲಿ ವಾಯು ವಜ್ರ ಬಸ್ಸುಗಳು ಓಡಿದವು. ರೈಲಿನ ಹಾಲ್ಟ್ ಸ್ಟೇಷನ್ ಬಂದದ್ದು 2021ರ ಜನವರಿಯಲ್ಲಿ. ಟಿಕೆಟ್ ಅಗ್ಗ, ಆದರೆ ಬೆರಳೆಣಿಕೆಯ ರೈಲುಗಳು, ಇಳಿದ ಮೇಲೆ ಟರ್ಮಿನಲ್ಲಿಗೆ ಮತ್ತೊಂದು ಬಸ್ಸು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೊದ ಹಳದಿ ಮಾರ್ಗ ಬಿ.ಟಿ.ಎಂ.ಗೂ ನಿಲ್ದಾಣ ಕೊಟ್ಟಿತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣ ಮುಟ್ಟಬೇಕಾದ ನೀಲಿ ಮಾರ್ಗದ ಟಿಕೆಟ್ಟಿಗೆ ಇನ್ನೂ ಕಾಯಬೇಕು.

ಊರಿಗೆ ಮರಳಿದ ಮೇಲೆ ಮೈಕೋ ಲೇಔಟಿನಲ್ಲಿ ಲೇಖಕ ಒಂದು ಬಗೆಯ ವಿಚಾರಣಾ ಕೌಂಟರ್ ಆಗಿದ್ದಾನೆ. ಮಗನ ಮನೆಗೆ ಹೊರಟಿದ್ದ ಪಕ್ಕದ ರಸ್ತೆಯ ಹಿರಿಯರೊಬ್ಬರು ವಾಕಿಂಗ್ ನಿಲ್ಲಿಸಿ ಎಲ್ಲ ಕೇಳಿಕೊಂಡರು. ವಲಯ, ಗುಂಪಿನ ಟಿಕೆಟ್ಟು, ಮುದ್ರೆ, 60 ಯೂರೋ. ಎರಡು ತಿಂಗಳು ಇರುವುದಾದರೆ ದೇಶವೆಲ್ಲ ನಡೆಯುವ ತಿಂಗಳ ಪಾಸು ಕೊಳ್ಳಬಹುದೆಂಬ ಸಂಗತಿಯನ್ನೂ ಲೇಖಕ ಸೇರಿಸಿದ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಆ ಪಾಸು 2025ರ ಜನವರಿಯಲ್ಲಿ 58 ಆಯಿತು. ಬೇಡವೆಂದು ಹೇಳುವವರೆಗೂ ತಿಂಗಳು ತಿಂಗಳು ದುಡ್ಡು ಕತ್ತರಿಸುತ್ತದೆ.

ಹಿರಿಯರು ತಲೆಯಾಡಿಸಿ, "ಅದೆಲ್ಲ ಸರಿ ಸ್ವಾಮಿ, ಲಗೇಜಿಗೆ ಎಷ್ಟು?" ಎಂದರು.

"ಏನೂ ಇಲ್ಲ."

"ಏನೂ ಇಲ್ವಾ? ನಮ್ಮ ಮೆಟ್ರೊದಲ್ಲಿ ಅಳತೆ ಮೀರಿದ ಬ್ಯಾಗಿಗೆ 30 ರೂಪಾಯಿ ತಗೊಳ್ತಾರಲ್ರೀ!" ಎಂದವರೇ, ಹುಣಸೆಹಣ್ಣು ಇನ್ನೆರಡು ಕೆ.ಜಿ. ಜಾಸ್ತಿ ಕಟ್ಟುವಂತೆ ಹೇಳಲು ಮನೆಗೆ ಫೋನ್ ಹಚ್ಚಿದರು.