ಗಡ್ಡೆಯಲ್ಲ, ಹೆಪ್ಪುಗಟ್ಟಿದ ರಕ್ತ



ಕೊಳ್ಳೇಗಾಲದ ಕಡೆಯಿಂದ ತಿರುಪ್ಪೂರಿನ ಬನಿಯನ್ ಕಂಪನಿಗಳ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದವರು ನಮ್ಮವರಲ್ಲಿ ಹಲವರಿದ್ದಾರೆ. 2019ರ ಬೇಸಿಗೆಯಲ್ಲಿ ಅಂಥ ಒಂದು ಮನೆಗೆ ಮಗುವಿನ ದೀಕ್ಷಾಸ್ನಾನದ ಮಾತಾಡಲು ಹೋಗಿದ್ದೆ. ಹೆರಿಗೆಯಾಗಿ ಮೂರು ವಾರ. ಬಾಣಂತಿ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. "ತಲೆನೋವು ಸ್ವಾಮಿ, ನಾಲ್ಕು ದಿನದಿಂದ ಬಿಟ್ಟೇ ಇಲ್ಲ, ವಾಂತಿ ಬೇರೆ" ಎಂದರು ಅವಳ ತಾಯಿ. ಶೀತವಿರಬೇಕು ಎಂದು ಹೇಳಿ, ಆಶೀರ್ವದಿಸಿ ಎದ್ದು ಬಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಅವಳಿಗೆ ಫಿಟ್ಸ್ ಬಂತು, ಬಲಗೈ ಸ್ವಾಧೀನ ತಪ್ಪಿತು. ಮೊದಲ ಸ್ಕ್ಯಾನಿನಲ್ಲಿ ಮೆದುಳಿನ ಒಂದು ಭಾಗ ಊದಿದಂತೆ ಕಂಡಿತು. "ಗಡ್ಡೆ ಇರಬಹುದು" ಎಂದರಂತೆ. ಮಾತು ಮನೆಗೆ ತಲುಪುವಷ್ಟರಲ್ಲಿ "ಇರಬಹುದು" ಉದುರಿಹೋಗಿತ್ತು. ಊರಿನಲ್ಲಿದ್ದ ತಂದೆಗೆ ಫೋನು ಮಾಡಿ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದವನು ನಾನೇ.

ಕೊಯಮತ್ತೂರಿಗೆ ಕರೆದೊಯ್ದೆವು. ಅಲ್ಲಿನ ನರರೋಗ ವೈದ್ಯರು ಮೊದಲು ಕೇಳಿದ್ದು ಹೆರಿಗೆ ಯಾವಾಗ ಆಯಿತೆಂದು. ಆಮೇಲೆ, ದಿನಕ್ಕೆ ಎಷ್ಟು ನೀರು ಕುಡಿಸುತ್ತೀರಿ ಎಂದು. ತಾಯಿ ತಲೆ ತಗ್ಗಿಸಿದರು. ಬಾಣಂತಿಗೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಎರಡು ಲೋಟ ಬಿಸಿನೀರಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಆ ಸುಡುಬಿಸಿಲಿನ ಕಾಲದಲ್ಲಿ!

ರಕ್ತನಾಳಗಳನ್ನೇ ತೋರಿಸುವ ಎಂ.ಆರ್. ವೀನೋಗ್ರಾಂ ತೆಗೆದಾಗ ನಿಜ ತಿಳಿಯಿತು. ಮೆದುಳಿನಿಂದ ರಕ್ತವನ್ನು ಹೊರಗೊಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಚ್ಚಲು ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಲ್ಲುವುದಿಲ್ಲವೇ? ಹಾಗೆಯೇ ರಕ್ತ ಹಿಂದಕ್ಕೆ ನಿಂತು ಮೆದುಳು ಊದುತ್ತದೆ, ಕೆಲವೊಮ್ಮೆ ರಕ್ತವೂ ಒಸರುತ್ತದೆ. ಸಾಮಾನ್ಯ ಸ್ಕ್ಯಾನಿನಲ್ಲಿ ಇದು ಗಡ್ಡೆಯಂತೆ ಕಾಣುವುದುಂಟು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ದೇಹದಲ್ಲಿ ನೀರು ಬತ್ತಿದರೆ ಇನ್ನೂ ಬೇಗ.

ರಕ್ತ ತೆಳುವಾಗಿಸುವ ಹೆಪಾರಿನ್ ಕೊಡುತ್ತೇವೆ ಎಂದಾಗ ಅವಳ ಗಂಡ ಬೆಚ್ಚಿದ. "ತಲೆಯಲ್ಲಿ ರಕ್ತ ಒಸರಿದೆ ಅಂತೀರಿ, ಅದಕ್ಕೆ ಇದೇ ಔಷಧವೇ?" ನನಗೂ ಅದೇ ಅನುಮಾನ. ಕಟ್ಟಿಕೊಂಡದ್ದು ಬಿಡದೆ ಒಸರುವುದು ನಿಲ್ಲುವುದಿಲ್ಲ ಎಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು. ಹಲವು ದೇಶಗಳ 624 ರೋಗಿಗಳ ಅಧ್ಯಯನವೊಂದು 2004ರಲ್ಲಿ ಪ್ರಕಟವಾಗಿದೆ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ನೂರಕ್ಕೆ 79 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬಾಣಂತಿಯ ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಅದೇ ದಿನ ಕರೆತನ್ನಿ ಎಂದು ಅವರು ಹೇಳಿದ್ದನ್ನು ಆಗಿನಿಂದ ಪ್ರತಿ ಬಾಣಂತಿ ಮನೆಯಲ್ಲೂ ಹೇಳುತ್ತಿದ್ದೇನೆ.

ಹತ್ತನೆಯ ದಿನ ಅವಳ ಬೆರಳು ಅಲ್ಲಾಡಿತು. ತಂದೆಗೆ ಮತ್ತೆ ಫೋನು ಮಾಡಿ, ನಾನು ಹೇಳಿದ್ದು ತಪ್ಪು ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ.

ದೀಕ್ಷಾಸ್ನಾನದ ದಿನ ಗೊತ್ತುಮಾಡಲು ಮತ್ತೆ ಹೋದಾಗ ಮಂಚದ ಪಕ್ಕದಲ್ಲೇ ನೀರಿನ ಬಿಂದಿಗೆ ಇತ್ತು. ತಾಯಿ ಮೊದಲು ಮಗಳಿಗೆ ಒಂದು ಲೋಟ ಕೊಟ್ಟು, ಆಮೇಲೆ ನನಗೆ ಕೊಟ್ಟರು.