ಅಪ್ಪನ ಅಂಗಿಗೊಂದು ಪದಕ

ಭತ್ತದ ಕೊಯ್ಲಿನ ಕಾಲ. ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಟಾವಿನ ಯಂತ್ರಕ್ಕಾಗಿ ಸರದಿ ಕಾಯುತ್ತ ಕೂತಿದ್ದ ರೈತನಿಗೆ ಬೆಳಗಾವಿಯಿಂದ ಮಗನ ಫೋನು ಬಂತು. ‘ಅಪ್ಪಾ, ಮುಂದಿನ ವಾರ ನಮ್ಮ ಪರೇಡ್ ಐತಿ. ನೀನೂ ಅವ್ವನೂ ಬರಬೇಕು.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಬಂದು ನಾವೇನು ಮಾಡೂದು ಅಲ್ಲಿ?’

ಅದು ತಿಳಿಯದೆ ಕೇಳಿದ ಪ್ರಶ್ನೆಯಷ್ಟೇ ಆಗಿರಲಿಲ್ಲ, ಅದರೊಳಗೆ ಒಂದು ಮುನಿಸೂ ಇತ್ತು. ಹುಡುಗ ಡಿಗ್ರಿ ಓದಲಿ ಎಂಬುದು ಅಪ್ಪನ ಆಸೆ. ಅವನು ಪಿಯುಸಿ ಮುಗಿಸಿದವನೇ ಸೈನ್ಯದ ಭರ್ತಿಗೆ ಓಡಿದ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನೂರರಲ್ಲಿ ಇಪ್ಪತ್ತೈದು ಮಂದಿ. ‘ಉಳಿದವರು?’ ಎಂದು ಅಪ್ಪ ಕೇಳಿದ್ದಕ್ಕೆ ಮಗ ಉತ್ತರಿಸಿರಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತು ‘ಉಂಡೇನು, ಆರಾಮೇನು’ ಎಂಬಲ್ಲಿಗೇ ನಿಂತುಹೋಗಿತ್ತು.

ದಾರಿ ತೋರಿಸಿದವರು ಲಿಂಗಸುಗೂರಿನಲ್ಲಿದ್ದ ದೂರದ ನೆಂಟರು, ನಿವೃತ್ತ ಹವಾಲ್ದಾರ್. ನಿಜಾಮರ ಕಾಲದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯಿದ್ದ ಊರು ಲಿಂಗಸುಗೂರು. ‘ದಂಡು ನಮ್ಮೂರಿಗೆ ಹೊಸದಲ್ಲ, ತಮ್ಮಾ’ ಎಂದು ನಗುತ್ತಲೇ ಅವರು ಮಾತಿಗೆ ಕೂತರು.

ಅವರು ಹೇಳಿದ ಮೊದಲ ಮಾತು, ದಿನಾಂಕ ಮತ್ತು ಸಮಯವನ್ನು ಮಗನಿಂದಲೇ ಖಾತ್ರಿ ಮಾಡಿಕೊಳ್ಳಬೇಕು ಎಂಬುದು. ಮಳೆಗೋ ಇನ್ನಾವುದೋ ಕಾರಣಕ್ಕೋ ಕಾರ್ಯಕ್ರಮ ಹಿಂದುಮುಂದಾಗುವುದುಂಟು. ಬರುವವರ ಹೆಸರನ್ನು ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಮಗನಿಗೆ ಬರೆಸಬೇಕು. ಕಾರ್ಡಿನ ಅಸಲಿ ಪ್ರತಿ ಜೊತೆಗಿರಬೇಕು. ಎಷ್ಟು ಮಂದಿಗೆ ಪ್ರವೇಶ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಊರಿನವರೆಲ್ಲ ಟೆಂಪೊ ಕಟ್ಟಿಸಿಕೊಂಡು ಹೋಗಿ ಗೇಟಿನ ಹೊರಗೆ ನಿಲ್ಲುವುದರಲ್ಲಿ ಅರ್ಥವಿಲ್ಲ.

ಎರಡನೆಯ ಮಾತು, ಒಂದು ದಿನ ಮುಂಚೆಯೇ ಬೆಳಗಾವಿ ಸೇರಬೇಕು. ಪರೇಡು ಬೆಳಗಿನ ಹೊತ್ತಿನದು. ಕವಾಯತು ಶುರುವಾದ ಮೇಲೆ ತಡವಾಗಿ ಬಂದವರಿಗಾಗಿ ಯಾರೂ ಕಾಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದಿರುವುದರಿಂದ ಹುಬ್ಬಳ್ಳಿಯ ಮೇಲೆಯೂ ಹೋಗಬಹುದು. ಬಸ್ಸಿನವರಿಗೆ ಮಸ್ಕಿ, ಲಿಂಗಸುಗೂರು, ಮುದಗಲ್, ಹುನಗುಂದ, ಬಾಗಲಕೋಟೆಯ ಹಳೆಯ ದಾರಿ ಇದ್ದೇ ಇದೆ.

‘ಇನ್ನೊಂದು ಮಾತು’ ಎಂದು ಹವಾಲ್ದಾರರು ದನಿ ತಗ್ಗಿಸಿದರು. ‘ಮುಂದ ಹೆಂಗ, ನಾಲ್ಕು ವರ್ಷದ ಮ್ಯಾಲೆ ಏನು, ಅಂತ ಅವತ್ತು ಕೇಳಬ್ಯಾಡ. ಅದನ್ನ ರಜಾಕ್ಕ ಬಂದಾಗ ಮನ್ಯಾಗ ಕುಂತು ಕೇಳು. ಅವತ್ತಿನ ದಿನ ಅವನದು.’

ಮಸ್ಕಿಯಿಂದ ಹುಡುಗನ ಸೋದರಮಾವನೂ ಬಸ್ಸು ಹತ್ತಿದ. ಆ ಊರಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಅದರಿಂದಲೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ‘ಯುದ್ಧ ಸಾಕು ಅಂದ ರಾಜನ ಊರಿನಿಂದ ಸಿಪಾಯಿ ನೋಡಾಕ ಹೊಂಟೀವಿ’ ಎಂದು ಮಾವ ನಗಿಸಲು ನೋಡಿದ. ಅವ್ವ ನಗಲಿಲ್ಲ. ಅವಳ ಲಕ್ಷ್ಯವೆಲ್ಲ ಮಡಿಲಲ್ಲಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನ ಮೇಲಿತ್ತು.

ಬೆಳಗಾವಿಯ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಆ ಊರಿಗೆ ಬಂದು ನೂರು ವರ್ಷ ದಾಟಿದೆ. 1768ರಲ್ಲಿ ಹುಟ್ಟಿದ ಪಡೆ ಅದು. ಅಗ್ನಿವೀರರ ಮೊದಲ ತಂಡ 2023ರಲ್ಲಿ ಅಲ್ಲಿಂದ ಹೊರಬಂತು. ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಬೇಕಾಯಿತು. ಮೊಬೈಲು ಎಲ್ಲಿ ಬಳಸಬಹುದು, ಎಲ್ಲಿ ಕೂಡದು ಎಂದು ಕಾವಲಿನ ಜವಾನ ತಿಳಿಸಿದ. ಇಂಥ ಕಡೆ ಹೇಳಿದಷ್ಟನ್ನೇ ಕೇಳುವುದು ಲೇಸು. ಚಿತ್ರ ತೆಗೆಯಬಾರದೆಂದ ಕಡೆ ತೆಗೆಯಬಾರದು. ಮಗ ಮುಂದೆ ಯಾವ ಊರಿನ ಪಡೆಗೆ ಹೋಗುತ್ತಾನೆ ಎಂಬುದನ್ನು ಮೊಬೈಲಿನ ಸ್ಟೇಟಸ್ಸಿನಲ್ಲಿ ಹಾಕಲೂ ಬಾರದು.

ಬ್ಯಾಂಡು ಮೊಳಗಿತು. ಸಾಲುಸಾಲಾಗಿ ಹುಡುಗರು ಮೈದಾನಕ್ಕೆ ಬಂದರು. ಒಂದೇ ಟೊಪ್ಪಿಗೆ, ಒಂದೇ ಹೆಜ್ಜೆ, ಒಂದೇ ಮೈಬಣ್ಣ. ‘ನಮ್ಮವ ಯಾರೀ?’ ಎಂದು ಅವ್ವ ಹುಡುಕಿದಳು. ಕಂಡಾಗ ಕೂಗಲು ಬಾಯಿ ತೆರೆದಳು. ಮಾವ ಕೈ ಹಿಡಿದ. ಸಾಲಿನಲ್ಲಿ ನಿಂತ ಹುಡುಗ ತಿರುಗಿ ನೋಡುವಂತಿಲ್ಲ. ಹೆಸರು ಹಿಡಿದು ಕೂಗಿದರೆ ಅವನಿಗೇ ಕಷ್ಟ. ಧ್ವಜ ಮುಂದೆ ಸಾಗುವಾಗ, ರಾಷ್ಟ್ರಗೀತೆ ನುಡಿಯುವಾಗ ಎದ್ದು ನಿಲ್ಲುವುದು, ಪರೇಡು ಪೂರ್ತಿ ಚದುರುವವರೆಗೆ ಮೈದಾನಕ್ಕೆ ಇಳಿಯದಿರುವುದು, ನೋಡಲು ಬಂದವರು ಪಾಲಿಸಬೇಕಾದ ಶಿಸ್ತು ಇಷ್ಟೇ. ಬಿಸಿಲಿಗೆ ತಲೆಗೊಂದು ವಸ್ತ್ರ, ಕುಡಿಯಲು ನೀರು ಇದ್ದರೆ ವಯಸ್ಸಾದವರಿಗೆ ಅನುಕೂಲ.

ಪ್ರಮಾಣವಚನ ನಡೆಯಿತು. ದೇಶಕ್ಕಾಗಿ ಪ್ರಾಣ ಕೊಡಲೂ ಸಿದ್ಧವೆಂಬ ಮಾತು ನೂರಾರು ಎಳೆಯ ಗಂಟಲುಗಳಿಂದ ಒಟ್ಟಿಗೆ ಹೊರಟಾಗ ಅಪ್ಪನಿಗೆ ಭಾಷೆ ಪೂರ್ತಿ ತಿಳಿಯದಿದ್ದರೂ ಅರ್ಥ ತಿಳಿಯಿತು. ಆತ ಸೆರಗಿಲ್ಲದ ಗಂಡಸು. ಟವೆಲ್ಲಿನಿಂದ ಮುಖದ ಬೆವರು ಒರೆಸಿಕೊಂಡಂತೆ ಮಾಡಿದ.

ಇಂದು ಹಲವು ರೆಜಿಮೆಂಟ್ ಕೇಂದ್ರಗಳಲ್ಲಿ ಹೊಸ ಸೈನಿಕರ ತಂದೆತಾಯಿಗೆ ಗೌರವ ಪದಕ ತೊಡಿಸುತ್ತಾರೆ. ಅಪ್ಪನ ಮಾಸಲು ಬಿಳಿ ಅಂಗಿಗೂ ಒಂದು ಬಂತು. ಮಗ ಎದುರು ಬಂದು ಸೆಲ್ಯೂಟ್ ಹೊಡೆದ. ತಿರುಗಿ ಏನು ಮಾಡಬೇಕೆಂದು ಹವಾಲ್ದಾರರು ಹೇಳಿಕೊಟ್ಟಿರಲಿಲ್ಲ. ಅಪ್ಪ ಎರಡೂ ಕೈ ಎತ್ತಿ ಮುಗಿದುಬಿಟ್ಟ.

ಹೆಣ್ಣುಮಕ್ಕಳ ಮನೆಯವರಿಗೂ ಈ ದಿನ ಈಗ ದೂರದ್ದಲ್ಲ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ 8ರಂದು 83 ಮಹಿಳೆಯರ ಮೊದಲ ತಂಡ ಸೈನ್ಯ ಸೇರಿತು. ಕೋವಿಡ್ ಕಾಲವಾದ್ದರಿಂದ ಆ ಸಮಾರಂಭ ಸರಳವಾಗಿ ಮುಗಿಯಿತು. ಮುಂದೆ ಎದುರು ಕೂತು ಮಗಳನ್ನು ನೋಡುವ ಭಾಗ್ಯ ಇದ್ದವರು ಅದನ್ನು ಕಳೆದುಕೊಳ್ಳಬಾರದು.

ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಅವ್ವ ಗಂಟು ಬಿಚ್ಚಿದಳು. ಮಗ ಎರಡು ರೊಟ್ಟಿ ತಿಂದ, ಉಳಿದದ್ದು ಗೆಳೆಯರ ಕೈಗೆ ಹೋಯಿತು. ಅಪ್ಪ ಕೊಟ್ಟ ಮಾತಿನಂತೆ ನಾಲ್ಕು ವರ್ಷದ ವಿಚಾರ ಎತ್ತಲೇ ಇಲ್ಲ. ಎತ್ತಿದವನು ಮಗನೇ. ‘ಅಪ್ಪಾ, ಅಗ್ನಿವೀರರಿಗೆ ಅಂತ ಇಗ್ನೋದವರು ಡಿಗ್ರಿ ಇಟ್ಟಾರ. ತರಬೇತಿಯ ಅಂಕಾನೂ ಅದಕ್ಕ ಹಿಡೀತಾರ. ನಾನು ಹೆಸರು ಹಚ್ಚಬೇಕಂತ ಮಾಡೀನಿ.’

ಅಪ್ಪ ತಲೆಯಾಡಿಸಿದ. ‘ಹಚ್ಚು’ ಎಂದ. ಏಳು ತಿಂಗಳಲ್ಲಿ ಅವರಿಬ್ಬರ ನಡುವೆ ನಡೆದ ದೊಡ್ಡ ಮಾತು ಅದೇ.

ಮರಳುವ ಬಸ್ಸಿನಲ್ಲಿ, ಎಲ್ಲಾದರೂ ಬಿದ್ದೀತೆಂದು ಅಪ್ಪ ಪದಕ ಬಿಚ್ಚಲು ಹೋದ. ‘ಇರಲಿ ಬಿಡ್ರೀ, ಊರು ಮುಟ್ಟೂತನ’ ಎಂದಳು ಅವ್ವ. ಮರುದಿನ ಕಟಾವಿನ ಯಂತ್ರದ ಸರದಿ ಬಂತು. ಹೊಲಕ್ಕೆ ಹೊರಡುವ ಮೊದಲು ಆತ ಟ್ರಂಕು ತೆಗೆದು, ಮಗನ ಪಿಯುಸಿ ಅಂಕಪಟ್ಟಿಯ ಮೇಲೆ ಪದಕವನ್ನಿಟ್ಟು ಕೀಲಿ ಹಾಕಿದ.